ಒಡೆಯದ ತೆಂಗಿನಕಾಯಿ

"ಸುಘೋಷ್, ಕಾಯಿ ಒಡೀರಪ್ಪ. ಮಂಗಳಾರತಿಗೆ ಹೊತ್ತಾಯ್ತು."

ಸತ್ಯವತಮ್ಮನವರು ನೀಡಿದ ತೆಂಗಿನಕಾಯಿಯನ್ನು ಭಾವೀ ಅಳಿಯ ಮುಟ್ಟಲಿಲ್ಲ. ಅವನ ಮುಖ ವಿವರ್ಣವಾಯಿತು.

"ಕ್ಷಮಿಸಿ ಅಮ್ಮ... ನನ್ನ ಕೈಲಾಗಲ್ಲ," ಎಂದವನೇ ಮಹಾಲಕ್ಷ್ಮಿ ಲೇಔಟಿನ ಆ ಮನೆಯಿಂದ ಹೊರಟೇಹೋದ.

ಮಗಳು ಮಾಲವಿಕಾ ಆರತಿ ತಟ್ಟೆ ಕೆಳಗಿಟ್ಟಳು. ನಿಶ್ಚಿತಾರ್ಥದ ದಿನ ಗೊತ್ತುಮಾಡಬೇಕಿದ್ದ ಶುಭಮುಹೂರ್ತದಲ್ಲಿ, ದೇವರೆದುರು ಇಂಥ ಅವಮಾನವೇ!

"ನೋಡಿದ್ಯೇನೇ? ನಮ್ಮನೆ ದೇವರು ಅವನಿಗೆ ಬೇಡವಂತೆ!" ತಾಯಿ ಗುಡುಗಿದರು.

ಮಾಲವಿಕಾ ಅವನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ವಿಚ್ ಆಫ್! ಸಿಟ್ಟಿನ ಭರದಲ್ಲಿ ಆ ಕಾಯಿಯನ್ನೇ ಎತ್ತಿಕೊಂಡು ಹೊರಟಳು.

ಹತ್ತಿರದ ಮೆಟ್ರೋ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಸುಘೋಷ್ ಸಿಕ್ಕಿದ.

"ದೇವರು ಬೇಡ್ವಾ, ಇಲ್ಲ ನಾನು ಬೇಡ್ವಾ? ಬಾಯಿಬಿಟ್ಟು ಹೇಳಿ!"

"ಚಿಪ್ಪು ತಾಗಿ ರಕ್ತ ಬಂದ್ರೆ, ಅದು ಪ್ರಸಾದಕ್ಕೆ ಬಿದ್ರೆ... ಅಂತ ಹೆದರಿದೆ. ನನಗೆ ಹುಟ್ಟಿನಿಂದಲೇ ಎಚ್‌ಐವಿ ಇದೆ, ಮಾಲವಿಕಾ."

ಅವಳ ಕೋಪ ಇಮ್ಮಡಿಸಿತು.

"ಲ್ಯಾಬಲ್ಲಿ ಅದೇ ವೈರಸ್ ಜೊತೆ ಏಗ್ತಾ ಇದೀನಿ ಅಂತ ವರ್ಷದಿಂದ ನಿಮ್ಮ ತಲೆ ತಿಂದಿದೀನಿ! ಸುಮ್ನೆ ಹೂಂಗುಟ್ತಾ ಇದ್ರಲ್ರೀ!"

"ನೀವು ಅದನ್ನ ಶತ್ರು ಅಂತಿದ್ರಿ. ಆ ಶತ್ರು ನನ್ನೊಳಗೇ ಇದಾನೆ ಅಂತ ಹೇಗೆ ಹೇಳ್ಲಿ?"

'ಅಯ್ಯೋ, ಎಷ್ಟು ಬಾರಿ ನೋಯಿಸಿದೆನೋ!' ಎಂದುಕೊಂಡಳು.

"ಮಾತ್ರೆ?"

"ದಿನಾ ತಗೋತೀನಿ. ವರ್ಷಗಳಿಂದ ರಿಪೋರ್ಟಲ್ಲಿ ವೈರಸ್ ಕಾಣ್ತಾ ಇಲ್ಲ."

"ಹಾಗಾದ್ರೆ ದಾಂಪತ್ಯದಲ್ಲೂ ಹರಡಲ್ಲ. ಪ್ರಸಾದದಿಂದಂತೂ ಹರಡೋ ಕಾಯಿಲೆಯೇ ಅಲ್ಲ. ಗೊತ್ತಿದ್ದೂ ಓಡಿಬಂದ್ರಾ?"

"ಬುದ್ಧಿಗೆ ಗೊತ್ತು... ಕೈಗೆ ಗೊತ್ತಿಲ್ಲ."

ಅವಳು ಕಾಯಿಯನ್ನು ಅವನ ಮುಖದೆದುರು ಹಿಡಿದಳು.

"ಆ ವೈರಸ್ಸಿಗೂ ಹೀಗೇ ಒಂದು ಕವಚ. ತಿರುಳನ್ನ ಕಾಪಾಡ್ಕೊಂಡು ಜೀವಕೋಶದ ಗರ್ಭಗುಡಿಗೆ, ಅಂದ್ರೆ ಅದರ ಕೇಂದ್ರಕ್ಕೆ ಹೋಗಿ, ಅಲ್ಲೇ ಬಿಚ್ಕೋಬೇಕು. ನಾವು ಪರೀಕ್ಷೆ ಮಾಡ್ತಿರೋ ಪುಟ್ಟ ಔಷಧದ ಅಣು ಆ ಕವಚದ ಸಂದಿಗೆ ಸೇರ್ಕೊಂಡು ಅದನ್ನ ಗಡುಸು ಮಾಡುತ್ತೆ. ಆಗ ಒಳಗೆ ಹೋಗೋಕಾಗಲ್ಲ, ಇಲ್ಲ ಬಾಗಿಲಾಚೆಯೇ ಬಿರಿದುಹೋಗುತ್ತೆ. ಸೋಂಕು ಅಲ್ಲಿಗೇ ನಿಂತ್ಹೋಗುತ್ತೆ. ಅದರ ಕವಚಕ್ಕೂ ಉಪಾಯ ಇದೆ ಕಣ್ರೀ... ನಿಮ್ಮದಕ್ಕೇ ಇಲ್ಲ!"

ಅವನು ನಕ್ಕ. ಕಣ್ಣು ತುಂಬಿತ್ತು.

"ನಿಮ್ಮಮ್ಮನಿಗೆ ಯಾರು ಹೇಳೋದು?"

"ನೀವೇ ಹೇಳ್ಬೇಕು. ನಾನು ಪಕ್ಕದಲ್ಲೇ ಇರ್ತೀನಿ."

"ದೇವರ ಕಾಯಿ ಹೊತ್ಕೊಂಡು ಎಲ್ಲಿಗೆ ಹೋಗಿದ್ಯೇ?" ಇಬ್ಬರೂ ಮನೆಗೆ ಮರಳಿದಾಗ ಬಾಗಿಲಲ್ಲೇ ಗದರಿದ ಸತ್ಯವತಮ್ಮನವರು, ಸುಘೋಷ್ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಪ್ರಶ್ನೆ ಕೇಳತೊಡಗಿದರು. ಮಗಳು ಅವರ ಒಂದೊಂದು ಸಂದೇಹಕ್ಕೂ ಉತ್ತರಿಸಿದಳು. ನಂದುತ್ತಿದ್ದ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಅವರು ಕಾಯಿಯನ್ನು ಮತ್ತೆ ಅವನ ಮುಂದಿಟ್ಟರು.

"ಮಂಗಳಾರತಿ ಇನ್ನೂ ಆಗಿಲ್ಲಪ್ಪ."

ಸುಘೋಷ್ ಕಾಯಿ ಎತ್ತಿಕೊಂಡು ಮಾಲವಿಕಾಳತ್ತ ನೋಡಿದ.

"ಕೈ ನಡುಗ್ತಾ ಇದೆ..."

"ನಡುಗಲಿ," ಎಂದು ಅವಳು ಅವನ ಮುಂಗೈ ಹಿಡಿದಳು. "ಒಡೀರಿ."