ಹಸಿವಿಲ್ಲದ ತುತ್ತು

"ಸಾಕು ನಿಲ್ಸೋ! ಇನ್ನೂ ಎಷ್ಟು ತುಂಬ್ತೀಯೋ ಆ ಹೊಟ್ಟೆಗೆ?"

ಬೀರಯ್ಯನವರು ಮಗನ ಮುಂದಿದ್ದ ತಟ್ಟೆಯನ್ನು ಸರಕ್ಕನೆ ತಮ್ಮ ಕಡೆಗೆ ಎಳೆದುಕೊಂಡರು. ಸಾರು ತುಳುಕಿ ನೆಲದ ಮೇಲೆ ಹರಿಯಿತು. ಊಟಕ್ಕೆ ಬಂದಿದ್ದ ನೆಂಟರು ತಲೆ ತಗ್ಗಿಸಿದರು. ಒಂಬತ್ತು ವರ್ಷದ ಧನುಶ್ರೀ ಅಪ್ಪನ ಮುಖವನ್ನೊಮ್ಮೆ, ತಾತನ ಮುಖವನ್ನೊಮ್ಮೆ ನೋಡಿ, ಬಾಯಲ್ಲಿದ್ದ ತುತ್ತನ್ನು ನುಂಗಲಾರದೆ ಹಾಗೇ ಕೂತಳು. ವಿಜಯ್‌ಕುಮಾರ್ ಗೋಡೆ ಹಿಡಿದು ಕಷ್ಟಪಟ್ಟು ಮೇಲೆದ್ದು, ಏದುಸಿರು ಬಿಡುತ್ತ ಕೈ ತೊಳೆಯಲು ಹೋದ. ಬಡಿಸಲು ನಿಂತಿದ್ದ ಅವನ ಹೆಂಡತಿ ವಾಣಿಗೆ, ಹಿಡಿದ ಪಾತ್ರೆಯ ಬಿಸಿ ಬೆರಳು ಸುಡುತ್ತಿದ್ದದ್ದೂ ತಿಳಿಯಲಿಲ್ಲ. ಹೆತ್ತ ಮಗನನ್ನು ನಾಲ್ಕು ಜನರ ಮುಂದೆ, ಅವನ ಮಗಳ ಮುಂದೆ, ಹೀಗೆ ಊಟದಿಂದ ಎಬ್ಬಿಸುವ ತಂದೆಯೂ ಇರುತ್ತಾನೆಯೇ!

ಕುಂಬಾರಕೊಪ್ಪಲಿನಲ್ಲಿ ಬೀರಯ್ಯನವರನ್ನು ಈಗಲೂ ಪೈಲ್ವಾನರೆಂದೇ ಕರೆಯುತ್ತಾರೆ. ಎಪ್ಪತ್ತೆರಡರ ವಯಸ್ಸಿನಲ್ಲೂ ಬೆನ್ನು ಬಾಗಿಲ್ಲ. ವಿಜಯನೂ ಒಂದು ಕಾಲಕ್ಕೆ ಗರಡಿಯಲ್ಲಿ ಬೆಳೆದ ಹುಡುಗನೇ. ಇಪ್ಪತ್ಮೂರನೆಯ ವಯಸ್ಸಿನಲ್ಲಿ ತಾಯಿ ಇಂದ್ರಮ್ಮ ತೀರಿಕೊಂಡ ಮೇಲೆ ಅವನು ಮತ್ತೆ ಅಖಾಡಕ್ಕೆ ಇಳಿಯಲಿಲ್ಲ. ಎರಡು ವರ್ಷದ ನಂತರ ಆ ಮನೆಗೆ ಸೊಸೆಯಾಗಿ ಬಂದ ವಾಣಿಗೆ ತಿಳಿದಿದ್ದದ್ದು ಅಷ್ಟೇ. ಏಕೆ ಬಿಟ್ಟಿರಿ ಎಂದು ಕೇಳಿದಾಗಲೆಲ್ಲ ಗಂಡ ಮಾತು ಮರೆಸುತ್ತಿದ್ದ. ಈಗ ಅವನಿಗೆ ಮೂವತ್ತೊಂಬತ್ತು. ಅಗ್ರಹಾರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ತೂಕ ನೂರ ಇಪ್ಪತ್ತೆಂಟು ಕಿಲೋ. ಸಕ್ಕರೆ ಕಾಯಿಲೆ ಬಂದಿತ್ತು. ಮಲಗಿದಾಗ ಇದ್ದಕ್ಕಿದ್ದಂತೆ ಉಸಿರು ನಿಂತು ಮತ್ತೆ ಬರುತ್ತಿತ್ತು. ಆ ನಡುವಿನ ಕ್ಷಣಗಳಲ್ಲಿ ವಾಣಿಯ ಜೀವ ಬಾಯಿಗೆ ಬರುತ್ತಿತ್ತು.

"ಊಟದ ಪಟ್ಟಿ ಎಷ್ಟು ಸಲ ಕೊಟ್ಟಿದ್ದೀನಮ್ಮ, ಎಂಟು ಕಿಲೋ ಇಳೀತಾರೆ, ಹತ್ತು ಏರ್ತಾರೆ," ಎಂದಿದ್ದರು ಡಾಕ್ಟರು. "ಇವರ ತೊಂದರೆ ಬರೀ ಹೊಟ್ಟೆಯದಲ್ಲ ಅನ್ಸುತ್ತೆ. ಕುವೆಂಪುನಗರದಲ್ಲಿ ಸುಷ್ಮಿತಾ ಅಂತ ಮನಶ್ಶಾಸ್ತ್ರಜ್ಞೆ ಇದ್ದಾರೆ, ಒಂದ್ಸಲ ಹೋಗಿ ನೋಡಿ."

ಬೀರಯ್ಯ ನಕ್ಕುಬಿಟ್ಟಿದ್ದರು. "ಊಟ ಕಮ್ಮಿ ಮಾಡಕ್ಕೆ ಉಚ್ಚರ ಡಾಕ್ಟ್ರು ಯಾಕವ್ವ? ಮಾನ ಮರ್ವಾದೆ ಇದ್ರೆ ಸಾಕು!"

ತಟ್ಟೆ ಎಳೆದ ಮರುದಿನವೇ ವಾಣಿ ಗಂಡನನ್ನು ಆಟೋ ಹತ್ತಿಸಿದಳು.

ಸುಷ್ಮಿತಾ ತೂಕ ನೋಡಲಿಲ್ಲ, ಬೈಯಲಿಲ್ಲ. "ವಿಜಯ್‌ಕುಮಾರ್ ಅವರೇ, ನಿಮಗೆ ನಿಜವಾಗಿ ಹಸಿವಾಗಿದ್ದು ಕೊನೇ ಸಲ ಯಾವಾಗ?" ಎಂದು ಮಾತ್ರ ಕೇಳಿದರು.

"ಗೊತ್ತಿಲ್ಲ ಮೇಡಂ..." ಎಂದ ವಿಜಯ. "ನಿಜವಾಗ್ಲೂ ಗೊತ್ತಿಲ್ಲ..."

ಅವರು ಒಂದು ನೋಟ್‌ಬುಕ್ ಕೊಟ್ಟರು. ಏನು ತಿಂದೆ, ಹಸಿವಿತ್ತೇ, ತಿನ್ನುವ ಮುಂಚೆ ಮನಸ್ಸಿನಲ್ಲಿ ಏನಿತ್ತು, ಇಷ್ಟನ್ನು ಬರೆಯಬೇಕು. ತಿನ್ನಬೇಕು ಅನಿಸಿದಾಗ ಹತ್ತು ನಿಮಿಷ ಕಾಯಬೇಕು. ತಿಂದರೂ ನಿಂತು ತಿನ್ನದೆ, ಕೂತು ತಿನ್ನಬೇಕು. ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಎಂದುಕೊಳ್ಳಬಾರದು.

ಮೂರು ವಾರದ ಮೇಲೆ ವಿಜಯ ತಾನಾಗಿಯೇ ಅದನ್ನು ಹೆಂಡತಿಯ ಕೈಗಿತ್ತ. 'ಹನ್ನೊಂದು ಗಂಟೆ. ಆರು ಬನ್ನು. ಹಸಿವಿಲ್ಲ. ಗಿರಾಕಿಯೊಬ್ಬರು, ನೀವು ಪೈಲ್ವಾನರ ಮಗನಾ ಅಂತ ಕೇಳಿ ನಕ್ಕರು.' 'ಸಂಜೆ. ಬೋಂಡ. ಹಸಿವಿಲ್ಲ. ಅಪ್ಪ ಪಕ್ಕದ ಮನೆಯವರಿಗೆ ನನ್ನ ವಿಷಯ ಹೇಳುತ್ತಿದ್ದರು.' 'ಮಧ್ಯಾಹ್ನ. ಹಸಿವಿಲ್ಲ. ವಾಣಿ ತಿಂಡಿ ಡಬ್ಬಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು ನೋಡಿದೆ. ಹೊರಗೆ ಹೋಗಿ ತಿಂದೆ.' ವಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಯ್ಯೋ, ತಾನೂ ಇದನ್ನು ಬಾಯಿ ಚಪಲವೆಂದೇ ತಿಳಿದಿದ್ದೆನಲ್ಲ! ಅಂದೇ ಬೀಗದ ಕೈಯನ್ನು ಗಂಡನ ಕೈಗೆ ಕೊಟ್ಟುಬಿಟ್ಟಳು.

ಮೂರು ತಿಂಗಳಲ್ಲಿ ಐದು ಕಿಲೋ ಇಳಿಯಿತು. ಅಷ್ಟರಲ್ಲಿ ಇಂದ್ರಮ್ಮ ತೀರಿಕೊಂಡ ದಿನ ಬಂತು. ಎಡೆ ಇಟ್ಟು, ಪೂಜೆ ಮುಗಿಸಿ, ಎಲ್ಲರೂ ಉಂಡ ಮೇಲೆ ವಾಣಿ ಅಡುಗೆಮನೆಗೆ ಬಂದರೆ, ವಿಜಯ ಒಲೆಯ ಮುಂದೆ ನಿಂತು ಪಾತ್ರೆಗೇ ಕೈಹಾಕಿ ಬಾಚಿ ಬಾಚಿ ತಿನ್ನುತ್ತಿದ್ದ. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಾವನ ದನಿ ಸಿಡಿಯಿತು.

"ನಾಚ್ಕೆ ಇಲ್ವೇನೋ! ನಿಮ್ಮವ್ವ ಬದ್ಕಿದ್ರೆ ನಿನ್ನ ಈ ಮೈ ನೋಡಿ ಎದೆ ಒಡ್ಕೊಂಡು ಸಾಯೋಳು!"

ವಿಜಯ ತಿರುಗಿದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ಮುಖವನ್ನು ವಾಣಿ ನೋಡಿಯೇ ಇರಲಿಲ್ಲ.

"ಅವ್ವ ಸಾಯೋವಾಗ ನನ್ನ ಕರೆದ್ಯಾ ನೀನು?"

ಬೀರಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಂಜನಗೂಡು ಎಷ್ಟು ದೂರ ಅಪ್ಪ? ಒಂದು ಗಂಟೆ ದಾರಿ! ಬೆಳಿಗ್ಗೆ ಅವ್ವನಿಗೆ ಎದೆನೋವು ಅಂತ ಆಸ್ಪತ್ರೆಗೆ ಸೇರಿಸ್ದೆ. ನಾನು ಅಲ್ಲಿ ಕುಸ್ತಿಗೆ ಹೋಗಿದ್ದೆ. 'ಮುಗಿಯೋವರ್ಗೂ ಅವನಿಗೆ ಯಾರೂ ಹೇಳ್ಬೇಡಿ' ಅಂದ್ಯಂತೆ! ಗೆದ್ದು ಹಾರ ಹಾಕ್ಕೊಂಡು ಮನೆಗೆ ಬಂದೆ... ಅವ್ವ ಜಗಲಿ ಮೇಲೆ ಮಲಗಿದ್ಲು..." ಅವನು ಒಲೆಯತ್ತ ಕೈ ತೋರಿಸಿದ. "ಮಣ್ಣು ಮಾಡಿ ಬಂದ್ಮೇಲೆ ಒಳಗ್ಹೋದ್ರೆ, ಅವ್ವ ಬೆಳಿಗ್ಗೆ ನಂಗೇಂತ ಮಾಡಿಟ್ಟಿದ್ದ ಸಾರು ಒಲೆ ಮೇಲೆ ಹಾಗೇ ಇತ್ತು. ಹಸಿವಿರ್ಲಿಲ್ಲ. ಚೆಲ್ಲೋಕೂ ಮನಸ್ಸು ಬರ್ಲಿಲ್ಲ. ನಿಂತ್ಕೊಂಡು ಅಷ್ಟೂ ಉಂಡೆ... ಇವತ್ತಿಗೂ ಉಣ್ತಾನೇ ಇದ್ದೀನಿ ಅಪ್ಪ!"

ಬೀರಯ್ಯ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ವಾಣಿ ಕಾಫಿ ಲೋಟ ಇಟ್ಟು ಅವರ ಮುಂದೆಯೇ ನಿಂತಳು.

"ಮಾವ, ಇಷ್ಟು ವರ್ಷ ನಿಮ್ಗೆ ಎದುರಾಡಿಲ್ಲ. ಇವತ್ತು ಅವರು ಮೇಡಂ ಹತ್ರ ಹೋಗೋ ದಿನ. ನೀವೂ ಬನ್ನಿ. ಬರಲ್ಲ ಅಂದ್ರೆ ಅವರನ್ನೂ ಮಗಳನ್ನೂ ಕರ್ಕೊಂಡು ನಾನು ಬೇರೆ ಮನೆ ಮಾಡ್ತೀನಿ. ನನಗೆ ಅವರು ಉಳೀಬೇಕು, ಮಾವ... ಅಷ್ಟೇ!"

ಆಟೋ ಬಂದಾಗ ಬೀರಯ್ಯ ಒಗೆದ ಬಿಳಿ ಅಂಗಿ ತೊಟ್ಟು ಗೇಟಿನ ಬಳಿ ನಿಂತಿದ್ದರು.

ಸುಷ್ಮಿತಾ ಎದುರು ಕೂತು ಬೀರಯ್ಯ ತಮ್ಮ ಅಂಗೈಗಳನ್ನೇ ನೋಡುತ್ತ ಶುರುಮಾಡಿದರು.

"ಅವ್ನು ಹೇಳಿದ್ದು ನಿಜ ಕಣವ್ವ. ನಾನು ಎರಡು ಸಲ ಸೋತಿದ್ದ ಕುಸ್ತಿ ಅದು. ಮಗ ಗೆಲ್ಲಲಿ ಅಂತ ಆಸೆ... ಇಂದ್ರಿಗೆ ಏನೂ ಆಗಲ್ಲ, ಸಂಜೆವರ್ಗೂ ಇರ್ತಾಳೆ ಅನ್ಕೊಂಡೆ. ಮೂರು ಸಲ ಕೇಳಿದ್ಲು, ಮಗ ಬಂದ್ನಾ ಅಂತ. ಬತ್ತಾನೆ ಬುಡು ಅಂದೆ. ಕೊನೇಗೆ, 'ಮಗ ಉಂಡ್ನಾ?' ಅಂದ್ಲು. ನಂಗೇನು ಗೊತ್ತು ಅವ್ನು ಉಂಡಿದ್ನೋ ಇಲ್ವೋ! 'ಉಂಡ, ಹೊಟ್ಟೆ ತುಂಬಾ ಉಂಡ' ಅಂದ್ಬುಟ್ಟೆ. ಅಷ್ಟು ಕೇಳಿ ಕಣ್ಣು ಮುಚ್ಚಿದ್ಲು..."

ಬೀರಯ್ಯ ಮಗನ ಕಡೆಗೆ ತಿರುಗಿದರು.

"ಇವ್ನು ಉಣ್ಣೋದು ನೋಡ್ದಾಗೆಲ್ಲ ನಂಗೆ ಆ ಮಾತೇ ಕೇಳ್ತದೆ. ತಡ್ಕೊಳ್ಳಕ್ಕೆ ಆಗಲ್ಲ. ಅದಕ್ಕೇ ಬೈತಿದ್ದೆ... ತಪ್ಪು ನಂದು, ಬೈಸ್ಕೊಂಡಿದ್ದು ಅವ್ನು."

ವಿಜಯನ ಭಾರವಾದ ದೇಹ ಅಳುವಿನಿಂದ ಅಲುಗುತ್ತಿತ್ತು. "ಅವ್ವ... ನನ್ಮೇಲೆ ಮುನಿಸ್ಕೊಂಡು ಹೋಗ್ಲಿಲ್ವಾ ಅಪ್ಪ? ಕುಸ್ತಿ ಮುಖ್ಯ ಅಂತ ನಾನೇ ಬರ್ಲಿಲ್ಲ ಅಂತ..."

"ಇಲ್ಲ ಕಣಪ್ಪ! ನೀನು ಉಂಡೆ ಅಂತ ಸಮಾಧಾನವಾಗಿ ಹೋದ್ಲು. ಅವ್ಳಿಗೆ ನಿನ್ಮೇಲೆ ಯಾವ ಮುನಿಸೂ ಇರ್ನಿಲ್ಲ."

ವಾಣಿ ಗಂಡನ ತೋಳು ಹಿಡಿದಳು. ವಿಜಯ ಕಣ್ಣೊರೆಸಿಕೊಂಡು ತಂದೆಯನ್ನು ನೇರವಾಗಿ ನೋಡಿದ.

"ನಿನ್ನ ಕ್ಷಮಿಸೋಕೆ ಇನ್ನೂ ನನ್ನಿಂದ ಆಗ್ತಿಲ್ಲ ಅಪ್ಪ."

"ಬ್ಯಾಡ," ಎಂದರು ಬೀರಯ್ಯ. "ನಂಗೆ ಅದು ಬ್ಯಾಡ. ನೀನು ಉಳ್ಕೊ... ಅಷ್ಟು ಸಾಕು."

ಇದಾಗಿ ಒಂದು ವರ್ಷ ಕಳೆದಿದೆ. ವಿಜಯ ಈಗ ನೂರ ಹದಿನಾಲ್ಕು ಕಿಲೋ. ತೆಳ್ಳಗಾಗಿದ್ದಾನೆ ಎಂದು ಯಾರೂ ಹೇಳುವುದಿಲ್ಲ. ಅಂಗಡಿಯಲ್ಲಿ ಕೂತು ಬೋಂಡದ ಪೊಟ್ಟಣ ಬಿಚ್ಚುವ ದಿನಗಳೂ ಇವೆ. ಆ ದಿನ ಅದನ್ನು ಬರೆದಿಟ್ಟು, ಮರುದಿನ ಮತ್ತೆ ನಡೆಯಲು ಹೋಗುತ್ತಾನೆ. ಅಪ್ಪ ಮಗ ಒಂದೆರಡು ದಿನ ಮಾತೇ ಆಡದೆ ಇರುವುದೂ ಉಂಟು. ಆದರೆ ಎಷ್ಟೋ ಸಂಜೆ ವಿಜಯ ತಾನಾಗಿ ಬಂದು ಜಗಲಿಯ ಮೇಲೆ ತಂದೆಯ ಪಕ್ಕ ಕೂರುತ್ತಾನೆ.

"ಅವ್ವನ ವಿಷಯ ಏನಾದ್ರೂ ಹೇಳು," ಎನ್ನುತ್ತಾನೆ.

ಬೀರಯ್ಯ ನಿಧಾನವಾಗಿ ಹೇಳತೊಡಗುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಇಂದ್ರಿ ಗರಡಿ ಹುಡುಗರಿಗೆಲ್ಲ ಹೆದರಿ ಬಾಗಿಲ ಹಿಂದೆ ಅಡಗುತ್ತಿದ್ದದ್ದು, ಆಮೇಲೆ ಅದೇ ಹುಡುಗರನ್ನು ಕಿವಿ ಹಿಂಡಿ ಸಾಲಾಗಿ ಕೂರಿಸಿ ಬಡಿಸುತ್ತಿದ್ದದ್ದು... ಧನುಶ್ರೀ ತಾತನ ತೊಡೆಗೆ ಒರಗಿ ಕೇಳುತ್ತಾಳೆ. ಒಳಗೆ ಸೊಪ್ಪು ಬಿಡಿಸುತ್ತಿರುವ ವಾಣಿ, ತಾನು ಒಮ್ಮೆಯೂ ನೋಡದ ಆ ಅತ್ತೆಯ ಮಾತು ಕೇಳಲೆಂದು, ಕೈಕೆಲಸ ನಿಲ್ಲಿಸಿ ಸುಮ್ಮನೆ ಕೂರುತ್ತಾಳೆ.