ನಕ್ಷೆಯ ಗೆರೆಯಾಚೆ

ಹನ್ನೊಂದನೇ ತಾರೀಖು, ಬುಧವಾರ ಬೆಳಿಗ್ಗೆ, ಬಂದರು ಇಲಾಖೆಯ ಇಂಜಿನಿಯರ್ ಠಾಣೆಗೆ ಬಂದು ದೂರು ಕೊಟ್ಟರು. ಸಮೀಕ್ಷೆ ದೋಣಿಯಲ್ಲಿದ್ದ, ಸಮುದ್ರದ ತಳವನ್ನು ಅಳೆಯುವ ಸೋನಾರ್ ಯಂತ್ರ ಕಾಣೆಯಾಗಿತ್ತು.

"ಕೊನೆಗೆ ನೋಡಿದ್ದು ಯಾವಾಗ?" ಇನ್ಸ್‌ಪೆಕ್ಟರ್ ಕೇಳಿದರು.

"ಹೋದ ವಾರ. ದೋಣಿ ರಿಪೇರಿಗೆ ಅಂತ ಕಟ್ಟಿ ಹಾಕಿದ್ವಿ. ಇವತ್ತು ಬಾಗಿಲು ತೆಗೆದ್ರೆ ಯಂತ್ರ ಇಲ್ಲ."

"ಅದಿಲ್ಲದೆ ಯಾವ ಕೆಲಸ ನಿಂತಿದೆ?"

"ನೆರೆ ನಕ್ಷೆ ಸಾರ್. ದಡದ ಹತ್ರ ತಳ ಎಷ್ಟು ಆಳ ಇದೆ ಅಂತ ಗೊತ್ತಾದ್ರೆ, ಬಿರುಗಾಳಿಗೆ ನೀರು ಎಲ್ಲಿವರೆಗೆ ನುಗ್ಗತ್ತೆ ಅಂತ ಹೇಳಬಹುದು. ಹಳೇ ನಕ್ಷೇಲಿ ತಗ್ಗಿನ ಕೇರಿಗೆ ಅಪಾಯ ಇಲ್ಲ ಅಂತಿತ್ತು. ಹೋದ ವರ್ಷ ಅಲ್ಲೇ ಎದೆಮಟ್ಟ ನೀರು ಬಂತು. ಅದಕ್ಕೇ ಈಗ ಬಂದರು, ಹವಾಮಾನ, ಭೂಮಾಪನ, ಕರಾವಳಿ ಕಾವಲು ಪಡೆ ಎಲ್ಲರೂ ಒಟ್ಟಿಗೆ ಕೂತಿದೀವಿ. ಮಳೆಗಾಲಕ್ಕೆ ಮೊದಲು ಹೊಸ ನಕ್ಷೆ ಆಗಬೇಕು."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಂಚರ ಸಮಕ್ಷಮ ದೋಣಿಯ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ತಂತಿಗಳನ್ನು ಕತ್ತರಿಸದೆ ಬಿಚ್ಚಿ, ತುದಿಗಳಿಗೆ ಪ್ಲಾಸ್ಟಿಕ್ ಸುತ್ತಿದ್ದರು. ಸ್ಕ್ರೂಗಳು ಒಂದು ಡಬ್ಬಿಯಲ್ಲಿದ್ದವು.

"ಇಂಥ ಅಚ್ಚುಕಟ್ಟಿನ ಕಳ್ಳನ್ನ ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ," ಎಂದ ದಫೇದಾರ. "ನಮ್ಮ ಜೀಪಿನ ಮೆಕ್ಯಾನಿಕ್ಕಿಗೆ ಒಂಚೂರು ಪಾಠ ಹೇಳಿಸ್ಬೇಕು."

ದೋಣಿಯ ಕೀಲಿ ಇದ್ದದ್ದು ಇಂಜಿನಿಯರ್ ಹತ್ತಿರ, ಚಾಲಕನ ಹತ್ತಿರ, ಮತ್ತೆ ವರ್ಕ್‌ಶಾಪಿನಲ್ಲಿ. ಚಾಲಕ ತಂಗಿ ಮದುವೆಗೆಂದು ಪರವೂರಿಗೆ ಹೋಗಿದ್ದು ಖಚಿತವಾಯಿತು. ವರ್ಕ್‌ಶಾಪಿನ ಕೀಲಿ ಹಿರಿಯ ಮೆಕ್ಯಾನಿಕ್ ಸುಪರ್ದಿಯಲ್ಲಿತ್ತು. ಕೈಯಲ್ಲಿ ಸದಾ ಸ್ಪ್ಯಾನರ್ ಇರುತ್ತಿದ್ದರಿಂದ ಬಂದರಿನವರೆಲ್ಲ ಅವನನ್ನು ಪಾನಾ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಜ್ವರವೆಂದು ಹೇಳಿ ವಾರದಿಂದ ರಜೆಯಲ್ಲಿದ್ದ.

ಗುರುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್, ದಫೇದಾರ ಇಬ್ಬರೂ ತಗ್ಗಿನ ಕೇರಿಯ ಅವನ ಮನೆಗೆ ಹೋದರು. ಎರಡು ಕೋಣೆಯ ಮನೆ. ಗೋಡೆಯಲ್ಲಿ ನೆರೆನೀರು ನಿಂತ ಮಟ್ಟದವರೆಗೂ ಸುಣ್ಣ ಉದುರಿತ್ತು. ಬಾಗಿಲು ತೆರೆದವಳು ಮಗಳು.

"ಅಪ್ಪ ಇದಾರಾ?"

"ಕೆಲಸಕ್ಕೆ ಹೋದ್ರಲ್ಲ."

"ಜ್ವರ ಅಂತ ರಜೆ ಹಾಕಿದಾರೆ."

"ಜ್ವರಾನಾ? ದಿನಾ ಬೆಳಕು ಹರಿಯೋ ಮುಂಚೆ ಡಬ್ಬಿ ತಗೊಂಡು ಹೋಗ್ತಾರೆ." ಅವಳ ಮುಖ ಸಣ್ಣದಾಯಿತು. "ಏನಾದ್ರೂ ಆಯ್ತಾ ಸಾರ್? ನಮ್ಮನೆಯವರ ವಿಷಯ ಏನಾದ್ರೂ ತಿಳೀತಾ?"

ದಫೇದಾರ ತಲೆ ತಗ್ಗಿಸಿದ. ಇನ್ಸ್‌ಪೆಕ್ಟರಿಗೂ ಆಗ ನೆನಪಾಯಿತು. ಹೋದ ವರ್ಷ ತಗ್ಗಿನ ಕೇರಿಗೆ ಯಾವ ಮುನ್ಸೂಚನೆಯೂ ಹೋಗಿರಲಿಲ್ಲ. ನೀರು ನುಗ್ಗಿದಾಗ ಇವಳ ಗಂಡ ತನ್ನ ಮೀನಿನ ದೋಣಿಯಲ್ಲಿ ಜನರನ್ನು ಹೇರಿಕೊಂಡು ದಿಬ್ಬಕ್ಕೆ ಬಿಟ್ಟಿದ್ದ. ಮತ್ತೊಮ್ಮೆ ಹೋದಾಗ ಸೆಳೆತ ಅವನನ್ನು ಅಳಿವೆ ದಾಟಿಸಿ ಎಳೆದೊಯ್ದಿತು. ಕಾಣೆಯಾದ ದೂರನ್ನು ಠಾಣೆ ಕಾವಲು ಪಡೆಗೆ ಕಳಿಸಿತು. ಕಾವಲು ಪಡೆ, ಇದು ಬಂದರಿನ ಹದ್ದಿಗೆ ಸೇರಿದ್ದು ಎಂದಿತು. ಹುಡುಕುವುದು ಪೊಲೀಸರ ಕೆಲಸ ಎಂದು ಬಂದರು ವಾಪಸು ಬರೆಯಿತು. ಹಾಗೆ ಮೂರು ಕಡೆ ಓಡಾಡಿದ ಕಾಗದಕ್ಕೆ ಇನ್ಸ್‌ಪೆಕ್ಟರ್ ತಾವೇ ಎರಡು ಸಲ ಸಹಿ ಹಾಕಿದ್ದರು.

"ಇಲ್ಲಮ್ಮಾ," ಎಂದರು ಅವರು. "ಬೇರೆ ವಿಷಯ."

"ಅವರು ಬಂದ್ಮೇಲೆ ಸುಣ್ಣ ಹೊಡೆಸೋಣ ಅಂತ ಹಂಗೇ ಬಿಟ್ಟಿದೀನಿ ಗೋಡೇನ," ಎಂದಳು, ಅವರು ಗೋಡೆ ನೋಡುತ್ತಿದ್ದದ್ದಕ್ಕೆ ಸಂಕೋಚಪಟ್ಟು.

ಶುಕ್ರವಾರ ಸಂಜೆ ನಕ್ಷೆ ಕಚೇರಿಯ ಅಧಿಕಾರಿಣಿ ಫೋನ್ ಮಾಡಿದರು. "ಸಾರ್, ಕಳುವಾದ ಯಂತ್ರ ನಮಗೆ ಅಳತೆ ಕಳಿಸ್ತಾ ಇದೆ."

ದಡದ ಹತ್ತಿರ ಫೋನ್ ಸಿಗ್ನಲ್ ಸಿಕ್ಕೊಡನೆ ಯಂತ್ರ ತಾನಾಗಿ ಮಾಹಿತಿ ರವಾನಿಸುತ್ತಿತ್ತು. ನಕ್ಷೆಯ ಹದ್ದಿನ ಹೊರಗಿನದ್ದಾದ್ದರಿಂದ ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಇನ್ಸ್‌ಪೆಕ್ಟರ್ ಕಚೇರಿಗೆ ಹೋದಾಗ ಅಧಿಕಾರಿಣಿ ಪರದೆಯ ಮೇಲೆ ತೋರಿಸಿದರು. ಹತ್ತು ಮೀಟರ್ ಆಳದ ಗೆರೆಗೆ ಸರ್ಕಾರಿ ಸಮೀಕ್ಷೆ ನಿಂತಿತ್ತು. ಅದರಾಚೆ, ಹೊಲ ಉತ್ತ ಹಾಗೆ, ಒಂದರ ಪಕ್ಕ ಒಂದು ಸಾಲುಗಳು. ಆಮೇಲೆ ಸಾಲುಗಳು ಮುಗಿದು, ಒಂದೇ ಜಾಗದ ಸುತ್ತ ಸುತ್ತುಗಳು.

"ಅಲ್ಲೇನಿದೆ?"

ಅವರು ಚಿತ್ರ ದೊಡ್ಡದು ಮಾಡಿದರು. ಮರಳಿನಲ್ಲಿ ಉದ್ದನೆಯದೊಂದು ನೆರಳು, ಮಗ್ಗುಲಿಗೆ ಒರಗಿತ್ತು.

"ದೋಣಿ ಅನ್ಸತ್ತೆ," ಎಂದರು ಅಧಿಕಾರಿಣಿ ಮೆಲ್ಲಗೆ.

ಶನಿವಾರ ಬೆಳಿಗ್ಗೆ ಕಾವಲು ಪಡೆಯ ಲಾಂಚಿನಲ್ಲಿ ಹೋದಾಗ ಆ ಜಾಗದಲ್ಲೇ ಒಂದು ಸಣ್ಣ ದೋಣಿ ನಿಂತಿತ್ತು. ಪಾನಾ ಮೇಸ್ತ್ರಿ ಎಂಜಿನ್ ಆರಿಸಿ ಸುಮ್ಮನೆ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ.

"ಯಂತ್ರಕ್ಕೆ ಏನೂ ಆಗಿಲ್ಲ ಸಾರ್. ಜೋಪಾನವಾಗಿಟ್ಟಿದೀನಿ."

"ಯಾಕೆ ತಗೊಂಡೆ ಮೇಸ್ತ್ರಿ?"

"ಆ ಗೆರೆ ದಾಟಿ ಒಂದೆರಡು ದಿನ ಹುಡುಕಿ ಅಂತ ಇಂಜಿನಿಯರ್ ಸಾಹೇಬ್ರನ್ನ ಕೇಳ್ದೆ. ನಕ್ಷೆಗೆ ಅಷ್ಟು ದೂರ ಬೇಕಾಗಿಲ್ಲ ಅಂದ್ರು. ಅವರು ಹೇಳಿದ್ದೂ ಸರೀನೇ. ಆದ್ರೆ ಮನೇಲಿ ಮಗಳು ದಿನಾ ಬಾಗಿಲಿಗೆ ಅಗಳಿ ಹಾಕದೇ ಮಲಗ್ತಾಳೆ ಸಾರ್. ಗಂಡ ಇದಾನೋ ಇಲ್ವೋ ಅಂತ ಅವಳಿಗೆ ಗೊತ್ತಾಗ್ಬೇಕಲ್ಲ."

"ಸಿಕ್ಕಿದ್ದು ಯಾವಾಗ?"

"ಸೋಮವಾರ."

"ಮತ್ತೆ ಯಾಕೆ ದಿನಾ ಬರ್ತಿದ್ದೆ?"

ಮೇಸ್ತ್ರಿ ನೀರಿನ ಕಡೆ ನೋಡಿದ. "ಹುಡುಕಾಟ ಮುಗೀತು ಅಂದ್ರೆ ಹೋಗಿ ಅವಳಿಗೆ ಹೇಳ್ಬೇಕು. ಇಲ್ಲಿ ಕೂತ್ರೆ, ಅಳಿಯಂದ್ರೂ ಒಬ್ರೇ ಅಲ್ಲ ಅನ್ಸೋದು."

ಠಾಣೆಯಲ್ಲಿ ಬಂಧನದ ಮೆಮೋ ಸಿದ್ಧವಾಯಿತು. ಅದಕ್ಕೆ ಹತ್ತಿರದ ಸಂಬಂಧಿಕರ ಸಹಿ ಬೇಕು.

"ನೀವೇ ಹೇಳಿ ಸಾರ್," ಎಂದ ಮೇಸ್ತ್ರಿ. "ನನ್ನ ಬಾಯಿಂದ ಬರಲ್ಲ."

ಮಗಳು ಬಂದು ಕೂತಳು. ಇನ್ಸ್‌ಪೆಕ್ಟರ್ ಸುತ್ತಿ ಬಳಸದೆ ಹೇಳಿದರು. ಅವಳು ಕೊನೆಯವರೆಗೂ ಕೇಳಿ ತಂದೆಯ ಕಡೆ ತಿರುಗಿದಳು.

"ಸೋಮವಾರಾನೇ ಸಿಕ್ತಾ?"

"ಹೂಂ."

"ಆಮೇಲೂ ದಿನಾ ನನ್ನೆದುರಿಗೆ ಕೂತು ಉಂಡ್ರಲ್ಲ ಅಪ್ಪಾ."

ಅವಳು ಸಹಿ ಹಾಕಿದಳು. ತಂದೆಯತ್ತ ನೋಡದೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು, ಮನೆಗೆ ಹೋಗಲಿಲ್ಲ.

ಇನ್ಸ್‌ಪೆಕ್ಟರ್ ಫೋನ್ ಎತ್ತಿಕೊಂಡರು. ಈ ಸಲ ಯಾವ ಇಲಾಖೆಯೂ ನಮ್ಮ ಹದ್ದಲ್ಲ ಎನ್ನಲಿಲ್ಲ. ಭಾನುವಾರ ಸ್ಥಳ ಪಂಚನಾಮೆಗೆ ಬಂದರಿನ ದೋಣಿ ಬಂತು, ಕಾವಲು ಪಡೆಯ ಮುಳುಗುಗಾರರು ಬಂದರು. ಗಾಳಿ ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ಹವಾಮಾನದವರು ತಿಳಿಸಿದರು. ನಕ್ಷೆ ಕಚೇರಿಯ ಅಧಿಕಾರಿಣಿ ಜಾಗ ತೋರಿಸಲು ತಾವೇ ಬಂದಿದ್ದರು. ಮಗಳು ದೋಣಿಯ ಒಂದು ತುದಿಯಲ್ಲಿ, ಪೊಲೀಸರ ನಡುವೆ ಮೇಸ್ತ್ರಿ ಇನ್ನೊಂದು ತುದಿಯಲ್ಲಿ.

ಮುಳುಗುಗಾರ ಮೇಲೆ ಬಂದು ಇನ್ಸ್‌ಪೆಕ್ಟರಿಗೆ ತಲೆಯಾಡಿಸಿದ. ಒಬ್ಬರೇ ಇದ್ದಾರೆ, ಚುಕ್ಕಾಣಿಯ ಹತ್ತಿರ, ಎಂದ.

ಮೇಸ್ತ್ರಿಯ ಭುಜ ಅಲುಗತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಮಗಳು ಎದ್ದು, ಹಲಗೆ ಹಿಡಿದುಕೊಂಡು ಬಂದು, ಅವನ ಪಕ್ಕ ಕೂತಳು. ದಫೇದಾರ ಸರಿದು ಜಾಗ ಬಿಟ್ಟ.

ಮುಂದಿನ ತಿಂಗಳು ಸಲ್ಲಿಸಿದ ಆರೋಪ ಪಟ್ಟಿಯಲ್ಲಿ ಉದ್ದೇಶದ ಬಗ್ಗೆ ಇನ್ಸ್‌ಪೆಕ್ಟರ್ ಬರೆದದ್ದು ಇಷ್ಟೇ: ಆರೋಪಿಯು ಅಳಿಯನನ್ನು ಹುಡುಕುವ ಸಲುವಾಗಿ ಸದರಿ ಯಂತ್ರವನ್ನು ಒಯ್ದಿರುತ್ತಾನೆ. ಸಿಕ್ಕ ನಂತರವೂ ಹಿಂದಿರುಗಿಸದೇ ಇದ್ದದ್ದು, ಮಗಳಿಗೆ ತಿಳಿಸಲು ಧೈರ್ಯ ಸಾಲದೆ.