ಹನ್ನೊಂದು ತಲೆಯೊಳಗಿನ ಬೆಳಕು

"ನಿಲ್ಲಿ! ಒಂದು ಹೆಜ್ಜೆಯೂ ಮುಂದಿಡಬೇಡಿ!"

ಬಾಗಿಲಿಗೆ ಅಡ್ಡವಾಗಿ ಒಂದು ತೋಳು ಬಂತು. ಧುಮುಗುಟ್ಟುತ್ತಾ ಬಂದವಳು ಅದಕ್ಕೆ ಡಿಕ್ಕಿ ಹೊಡೆಯುವುದು ಕೂದಲೆಳೆಯಷ್ಟರಲ್ಲಿ ತಪ್ಪಿತು.

"ಯಾರ್ರೀ ನೀವು, ನನ್ನನ್ನ ತಡೆಯೋಕೆ?"

"ಈ ಕೋಣೆಯ ಕಾವಲುಗಾರ ಅನ್ಕೊಳ್ಳಿ. ನಿಮ್ಮ ಜಡೆಯಲ್ಲಿ ಕ್ಲಿಪ್ ಇದೆ. ಒಳಗಿರೋ ಸ್ಕ್ಯಾನ್ ಮೆಷಿನ್ ಅಂದ್ರೆ ಒಂದು ದೊಡ್ಡ ಅಯಸ್ಕಾಂತ. ಅದರೊಳಗೆ ಒಬ್ರು ತಾತ ಮಲಗಿದ್ದಾರೆ. ಕ್ಲಿಪ್ ಹಾರಿ ಅವರ ಮೂಗಿಗೆ ಬಡಿದ್ರೆ, ನಾಳೆ ಅವರ ಹೆಂಡ್ತಿ ನನ್ನನ್ನ ಸುಮ್ನೆ ಬಿಡ್ತಾರಾ?"

ಅವಳ ಕೈ ತಾನಾಗಿ ಜಡೆಗೆ ಹೋಯಿತು. ಛೇ! ಇಷ್ಟು ವರ್ಷ ಓದಿ, ಇದೊಂದು ಮರೆತೆನಲ್ಲ... ಅವಮಾನಕ್ಕೆ ಕಿವಿ ಬಿಸಿಯಾಯಿತು. ಅವಮಾನವಾದಾಗ ಸಿಟ್ಟು ಮಾಡುವುದು ಅವಳ ಹಳೆಯ ಅಭ್ಯಾಸ.

"ಅದಿರ್ಲಿ! ನೀವು ಕಳಿಸೋ ಚಿತ್ರಗಳೇನು? ಒದ್ದೆ ಗಾಜಿನಲ್ಲಿ ನೋಡಿದ ಹಾಗೆ ಎಲ್ಲಾ ಕಲಸಿ ಹೋಗಿದೆ. ನಾನು ಏನಂತ ಓದ್ಲಿ?"

"ಮೇಡಂ, ಅವರು ನಡುಗ್ತಾರೆ..."

"ಏನಾದ್ರೂ ಮಾಡಿ. ನನಗೆ ಅಲುಗದ ಚಿತ್ರ ಬೇಕು!"

ಅಷ್ಟು ಹೇಳಿ ತಿರುಗಿ ಹೊರಟೇಹೋದಳು. ಆ ಒಂದು ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆಡಿದ ಮಾತಿನ ದಾರಿ ಭಗವಂತನಿಗೆ ಮಾತ್ರ ಗೊತ್ತು.

ಅದು ಪಾರ್ಕಿನ್ಸನ್ ಕಾಯಿಲೆಯ ಬೆನ್ನು ಹತ್ತಿದ ಒಂದು ಸಣ್ಣ ತಂಡ. ಕೈ ನಡುಗಿಸಿ, ಕಾಲು ಕಟ್ಟಿಹಾಕಿ, ಮುಖದ ನಗುವನ್ನೂ ಮೆಲ್ಲಗೆ ಅಳಿಸಿಬಿಡುವ ಕಾಯಿಲೆ ಅದು. ಮನುಷ್ಯ ಸುಮ್ಮನೆ ಮಲಗಿರುವಾಗ ಅವನ ಮಿದುಳಿನ ಯಾವ ಮೂಲೆ ಎಚ್ಚರವಾಗಿದೆ, ಯಾವುದು ಮಂಕಾಗಿದೆ ಎಂದು ಚಿತ್ರ ತೆಗೆದು ನೋಡುವುದು ಅವರ ಕೆಲಸ. ದೇವರು ತಲೆಯೊಳಗೆ ಒಂದು ಇಡೀ ಊರನ್ನೇ ಕಟ್ಟಿಟ್ಟಿದ್ದಾನೆ. ಆ ಊರಿನಲ್ಲಿ ಎಲ್ಲಿ ದೀಪ ಹತ್ತಿದೆ ಎಂದು ಇವರು ಹೊರಗೆ ನಿಂತು ಇಣುಕುತ್ತಿದ್ದರು.

ತಂಡದ ಹಿರಿಯ ಡಾಕ್ಟರನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದೇ. ಚಿತ್ರ ಓದುವ ನಮ್ಮ ಹುಡುಗಿಗೆ ಭೂತಗನ್ನಡಿ ಎಂಬ ಹೆಸರು. ಒಂದು ಚುಕ್ಕಿಯನ್ನೂ ಬಿಡುವವಳಲ್ಲ. ಮೆಷಿನ್ ನಡೆಸುವವನನ್ನು ರೋಗಿಗಳು 'ಅಲುಗ್ಬೇಡಿ' ಎನ್ನುತ್ತಿದ್ದರು. ದಿನಕ್ಕೆ ನೂರು ಸಲ ಅವನ ಬಾಯಲ್ಲಿ ಬರುವ ಮಾತು ಅದೊಂದೇ.

ತಂಡಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಅವಳ ಕೈಗೆ ಬರುವ ಚಿತ್ರದ ಮೇಲೆ ಬರೀ ನಂಬರ್. ಯಾರು ರೋಗಿ, ಯಾರು ಆರೋಗ್ಯವಂತ, ಯಾವುದೂ ಅವಳಿಗೆ ಗೊತ್ತಾಗಬಾರದು. ಗೊತ್ತಾದರೆ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ. ಸ್ಕ್ಯಾನ್ ಕೋಣೆಯಲ್ಲಿ ನಡೆದದ್ದನ್ನೆಲ್ಲ ಅಲುಗ್ಬೇಡಿ ಷರಾ ಪುಸ್ತಕದಲ್ಲಿ ಬರೆದು, ದೊಡ್ಡಮ್ಮನ ಕಪಾಟಿಗೆ ಸೇರಿಸಬೇಕು. ಅವಳ ಹತ್ತಿರ ಅದರ ಬಗ್ಗೆ ಒಂದಕ್ಷರ ಆಡುವಂತಿಲ್ಲ.

ಒಂದು ವಾರ ಕಳೆಯಿತು... ಚಿತ್ರಗಳು ತಿಳಿನೀರಿನಂತೆ ಬರತೊಡಗಿದವು!

ಅವಳು ಕ್ಯಾಂಟೀನಿನಲ್ಲಿ ಅವನೆದುರು ಬಂದು ನಿಂತಳು. ಈ ಸಲ ಜಡೆಯಲ್ಲಿ ಬಟ್ಟೆಯ ರಿಬ್ಬನ್ನಿತ್ತು.

"ಅವತ್ತು ಕೂಗಾಡಿದ್ದಕ್ಕೆ ಬೇಜಾರಾಯ್ತಾ?"

"ಕೂಗಾಡಿದ್ರಾ? ಮೆಷಿನ್ ಸದ್ದಿನ ಮುಂದೆ ನಿಮ್ಮದು ಜೋಗುಳ ಬಿಡಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ದಿನವೂ ಅದೇ ಮೇಜು, ಎರಡು ಟೀ. ನಂಬರುಗಳ ವಿಷಯ ಬಿಟ್ಟು ಜಗತ್ತಿನ ಎಲ್ಲಾ ವಿಷಯ. ಅವನ ಅಮ್ಮನಿಗೂ ಅದೇ ಕಾಯಿಲೆ ಎಂದು ಅವಳಿಗೆ ತಿಳಿದದ್ದು ಅಲ್ಲೇ.

"ಬೆಳಿಗ್ಗೆ ಅಮ್ಮನ ರವಿಕೆಯ ಗುಂಡಿ ನಾನೇ ಹಾಕ್ತೀನಿ. 'ಚಿಕ್ಕವನಿದ್ದಾಗ ನಿನಗೆ ನಾನು ಹಾಕಿದ್ದೆ, ಸಾಲ ತೀರಿಸು' ಅಂತಾಳೆ."

ಇವನು ರೋಗಿಗಳನ್ನು ಮಲಗಿಸುವಾಗ ಕೈ ಯಾಕೆ ಅಷ್ಟು ಮೆದು ಎಂದು ಅವಳಿಗೆ ಆಗ ಅರ್ಥವಾಯಿತು. ಅಯ್ಯೋ ಮನಸೇ, ನೀನು ಯಾವಾಗ ಹೋಗಿ ಅವನ ಪಕ್ಕ ಕೂತೆ?

ಎಪ್ಪತ್ತು ಜನರ ಚಿತ್ರ ಮುಗಿಯಿತು. ಅದರಲ್ಲಿ ಹನ್ನೊಂದರಲ್ಲಿ ಅವಳಿಗೆ ಒಂದು ವಿಚಿತ್ರ ಕಂಡಿತು. ಬಲಗೈಯನ್ನು ಆಳುವ ಮಿದುಳಿನ ಜಾಗದಲ್ಲಿ, ಎಡಮಗ್ಗುಲಲ್ಲಿ, ಒಂದು ಪುಟ್ಟ ಬೆಳಕು! ಸುಮ್ಮನೆ ಮಲಗಿದವರಲ್ಲಿ ಅದು ಅಷ್ಟು ಉರಿಯಬಾರದು.

ಸಭೆಯಲ್ಲಿ ದೊಡ್ಡಮ್ಮ ಕಪಾಟಿನಿಂದ ನಂಬರುಗಳ ಪಟ್ಟಿ ತೆಗೆದು ಓದಿದರು. ಓದುತ್ತಾ ಓದುತ್ತಾ ಕನ್ನಡಕ ಕಳಚಿ ಒರೆಸಿಕೊಂಡರು.

"ಹನ್ನೊಂದಕ್ಕೆ ಹನ್ನೊಂದೂ ರೋಗಿಗಳೇ ಕಣಮ್ಮ... ಆರೋಗ್ಯವಂತರಲ್ಲಿ ಒಬ್ಬರಿಗೂ ಇಲ್ಲ! ಕಾಯಿಲೆಯ ಹೊಸ ಗುರುತು ಇದು. ಮುಂದಿನ ತಿಂಗಳು ದೊಡ್ಡ ಸಮ್ಮೇಳನ ಇದೆ. ವೇದಿಕೆ ಹತ್ತಿ ನೀನೇ ಹೇಳಬೇಕು."

ಚಪ್ಪಾಳೆ! ಅವಳ ಕಾಲು ನೆಲದ ಮೇಲಿರಲಿಲ್ಲ. ಯಾರಿಗೆ ಮೊದಲು ಹೇಳಬೇಕೆಂದು ಅವಳು ಯೋಚಿಸಬೇಕಾಗಲೂ ಇಲ್ಲ, ಸೀದಾ ಕ್ಯಾಂಟೀನಿಗೆ ಓಡಿದಳು.

"ಗೊತ್ತಾ... ಸಿಕ್ತು! ನಂಬರುಗಳೂ ಹೊರಬಿದ್ದವು, ಇನ್ನು ನಿಮಗೆ ಹೇಳ್ಬಹುದು. ಹನ್ನೊಂದು ಜನಕ್ಕೆ ಬಲಗೈಯ ಜಾಗ ಬೆಳಗ್ತಿದೆ!"

ಅವನ ಕೈಯಲ್ಲಿದ್ದ ಲೋಟ ಮೇಜಿಗೆ ಇಳಿಯಿತು.

"ಯಾಕ್ರೀ? ಖುಷಿ ಆಗ್ಲಿಲ್ವಾ?"

ಅವನು ಅವಳನ್ನೇ ನೋಡಿದ. ಸುಮ್ಮನಿದ್ದರೆ ಈ ಮುಖದ ಬೆಳಕು ಹಾಗೇ ಇರುತ್ತದೆ... ಒಂದು ಕ್ಷಣ, ಒಂದೇ ಕ್ಷಣ, ಸುಮ್ಮನಿರಬೇಕೆನ್ನಿಸಿತು.

"ಮೇಡಂ... ಅದು ಕಾಯಿಲೆ ಅಲ್ಲ. ಅದು ನಾನು."

"ಅಂದ್ರೆ?"

"ಚಿತ್ರ ತೆಗೆಸೋ ದಿನ ಅವರು ಮಾತ್ರೆ ನುಂಗದೇ ಬರ್ಬೇಕು ಅಲ್ವಾ, ನಡುಕ ತಡೀಲಾರದಷ್ಟು ಇರುತ್ತೆ. ನಡುಗೋ ಕೈಗೆ ಏನಾದ್ರೂ ಹಿಡ್ಕೊಳ್ಳೋಕೆ ಕೊಟ್ರೆ ನಿಲ್ಲುತ್ತೆ ಅಂತ ಅಮ್ಮನಿಂದ ನನಗೆ ಗೊತ್ತಿತ್ತು. ನೀವು ಅಲುಗದ ಚಿತ್ರ ಕೇಳಿದ್ರಿ. ಬಲಗೈ ಜಾಸ್ತಿ ನಡುಗೋ ಹನ್ನೊಂದು ಜನಕ್ಕೆ ಒಂದು ಬಟ್ಟೆ ಸುರುಳಿ ಹಿಡಿಸಿದೆ..."

ಅವಳಿಗೆ ತಟ್ಟನೆ ಹೊಳೆಯಿತು. ಹಿಡಿದ ಕೈ! ಕೈ ಹಿಡಿದದ್ದಕ್ಕೇ ಆ ಜಾಗ ಬೆಳಗಿದೆ. ಕಾಯಿಲೆಯ ಗುರುತಲ್ಲ, ಬಟ್ಟೆ ಸುರುಳಿಯ ಗುರುತು!

"ಇಷ್ಟು ದಿನ ದಿನಾ ಎದುರು ಕೂತು ಟೀ ಕುಡಿದ್ರಿ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋ ಹಾಗಿರ್ಲಿಲ್ಲ ಮೇಡಂ. ನಿಯಮ..."

"ನಿಯಮ ಅಂತೆ! ನನ್ನ ಎರಡು ವರ್ಷದ ಕೆಲಸ ಹಾಳು ಮಾಡಿ, ಮುಚ್ಚಿಟ್ಟು, ಈಗ ನಿಯಮ ಹೇಳ್ತೀರಾ? ನಂಬಿದ್ದೆನಲ್ಲ ನಿಮ್ಮನ್ನ..."

ಅವಳು ಎದ್ದು ಹೋದಳು. ಅವನು ತಡೆಯಲಿಲ್ಲ.

ದೊಡ್ಡಮ್ಮನ ಕೋಣೆಗೆ ಹೋದಾಗ ಅವಳ ಕಣ್ಣು ತುಂಬಿತ್ತು. ವಿಷಯ ಕೇಳಿ ಅವರು ಕಪಾಟಿನಿಂದ ಷರಾ ಪುಸ್ತಕ ತೆಗೆದರು. ಇಬ್ಬರೂ ಹಾಳೆ ತಿರುವಿದರು.

ದುಂಡನೆಯ ಅಕ್ಷರ. 'ಬಲಗೈಗೆ ಬಟ್ಟೆ ಸುರುಳಿ ಹಿಡಿಸಿದೆ. ನಡುಕ ನಿಂತಿತು.' ತಾರೀಖು, ಗಂಟೆ, ಎಲ್ಲಾ ಇತ್ತು. ಹನ್ನೊಂದು ಸಲವೂ! ಮೂರು ಕಡೆ ಇನ್ನೊಂದು ಸಾಲು: 'ಇದರಿಂದ ಚಿತ್ರ ಕೆಡಬಹುದೇ? ದಯವಿಟ್ಟು ತಿಳಿಸಿ.' ಪ್ರತಿ ಹಾಳೆಯ ಕೆಳಗೂ ದೊಡ್ಡಮ್ಮನ ಸಹಿ.

"ಓದದೇ ಸಹಿ ಹಾಕಿದ್ದೀನಮ್ಮ." ಅವರ ದನಿ ಇಳಿದಿತ್ತು. "ಮೂರು ಸಲ ಕೇಳಿದ್ದಾನೆ... ನಾನು ಒಂದು ಸಲವೂ ಕಣ್ಣು ಹಾಯಿಸಲಿಲ್ಲ. ಅವನು ಏನೂ ಮುಚ್ಚಿಟ್ಟಿಲ್ಲ. ತಪ್ಪು ನನ್ನದು."

ಅಲ್ಲ, ನನ್ನದೂ... ಏನಾದ್ರೂ ಮಾಡಿ ಅಂದವಳು ನಾನು. ಮಾಡಿದ ಮೇಲೆ ಬೈದವಳೂ ನಾನೇ. ಅವನು ಸುಮ್ಮನಿದ್ದಿದ್ದರೆ ಈ ಪುಸ್ತಕ ಯಾರೂ ತೆಗೆಯುತ್ತಿರಲಿಲ್ಲ. ನಾನು ಮಾಲೆ ಹಾಕಿಸಿಕೊಂಡು ಸುಳ್ಳು ಹೇಳಿ ಬರುತ್ತಿದ್ದೆ!

"ದೊಡ್ಡಮ್ಮ, ಆ ಹನ್ನೊಂದು ಜನರನ್ನ ಮತ್ತೆ ಕರೀಬೇಕು."

"ಮತ್ತೆ ಮಾತ್ರೆ ಬಿಟ್ಟು, ಮತ್ತೆ ಆ ಕೊಳವೆಯೊಳಗೆ ಮಲಗೋಕೆ ಯಾರಮ್ಮ ಬರ್ತಾರೆ?"

ಉತ್ತರ ಮೂರನೆಯ ದಿನ ಬೆಳಿಗ್ಗೆ ತಾನಾಗಿ ಬಂತು. ಮೆಟ್ಟಿಲ ಬಳಿ ಒಂದು ಸಣ್ಣ ಗುಂಪು. ಒಬ್ಬರ ಕೈ ಇನ್ನೊಬ್ಬರು ಹಿಡಿದು, ಕೋಲೂರಿ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಬರುತ್ತಿದ್ದರು. ಎಣಿಸಿದಳು... ಹನ್ನೊಂದು!

ಮುಂದಿದ್ದ ತಾತ, ಹಳೆಯ ಟೈಲರ್ ಒಬ್ಬರು, ಅವಳನ್ನು ನೋಡಿ ಕೈಯೆತ್ತಿದರು. ಕೈ ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು.

"ನಮ್ಮ ಅಲುಗ್ಬೇಡಿ ಮನೆಮನೆಗೆ ಬಂದು ಕೇಳಿದ ಕಣಮ್ಮ. 'ತಪ್ಪಾಯ್ತು ತಾತ, ಇನ್ನೊಂದು ಸಲ ಕಷ್ಟ ಕೊಡ್ತೀನಿ' ಅಂದ. ನಾನಂದೆ, ಹೊಲಿಗೆ ಸೊಟ್ಟ ಆದ್ರೆ ಬಿಚ್ಚಿ ಹೊಲಿಯೋದು ನಮ್ಮ ಕಸುಬಲ್ವೇನಪ್ಪಾ, ಇದೇನು ಮಹಾ! ನಮಗೆ ವಾಸಿ ಆಗ್ದಿದ್ರೂ ಪರವಾಗಿಲ್ಲ ತಾಯಿ. ನಮ್ಮ ಹೆಸರಿನಲ್ಲಿ ಸುಳ್ಳು ಮಾತ್ರ ಹೋಗ್ಬಾರ್ದು."

ಅವಳು ಎರಡೂ ಕೈ ಮುಗಿದಳು. ದೇವರ ಮುಂದೆ ಮುಗಿದಂತೆಯೇ ಮುಗಿದಳು.

ಈ ಸಲ ಸುರುಳಿಯಿಲ್ಲ. ತಲೆಯ ಸುತ್ತ ಮೆತ್ತೆ ಒತ್ತಿಟ್ಟರು. ಉದ್ದಕ್ಕೆ ತೆಗೆಯುವ ಚಿತ್ರವನ್ನು ನಾಲ್ಕು ನಾಲ್ಕು ನಿಮಿಷದ ತುಂಡು ಮಾಡಿ, ಅಲುಗಿದ ತುಂಡು ಬಿಟ್ಟು ಮತ್ತೆ ತೆಗೆದರು. ನಾಲ್ಕು ದಿನ ಹಿಡಿಯಿತು. ಗಾಜಿನ ಆಚೆ ಅವನು, ಈಚೆ ಅವಳು. ಅವಳು ಕ್ಷಮೆ ಕೇಳಲು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅವನು, "ಆಮೇಲೆ ಮೇಡಂ, ಒಳಗೆ ಅಜ್ಜಿ ಕಾಯ್ತಿದ್ದಾರೆ" ಎಂದ.

ಚಿತ್ರ ಬಂತು. ಹನ್ನೊಂದು ತಲೆಯಲ್ಲೂ ಆ ಬೆಳಕು ಇರಲಿಲ್ಲ.

ಸಮ್ಮೇಳನದ ದಿನ. ತುಂಬಿದ ಸಭಾಂಗಣ. ಅವಳು ಮೈಕಿನ ಮುಂದೆ ನಿಂತಳು.

"ನಾವು ಒಂದು ಹೊಸ ಗುರುತು ಕಂಡುಹಿಡಿದಿದ್ದೇವೆ ಅಂತ ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಅಚ್ಚಾಗಿದೆ. ಅದು ತಪ್ಪು. ತಪ್ಪು ಅಂತ ನಮಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಹೇಳಲು ಬಂದಿದ್ದೇನೆ."

ಪಿಸುಮಾತು ಎದ್ದಿತು. ಅವಳು ನಿಲ್ಲಿಸಲಿಲ್ಲ. ಸುರುಳಿಯ ಕಥೆ ಹೇಳಿದಳು. ಓದದ ಷರಾ ಪುಸ್ತಕದ ಕಥೆ ಹೇಳಿದಳು. ತನ್ನ ಸಿಟ್ಟಿನ ಮಾತನ್ನೂ ಬಿಡಲಿಲ್ಲ. ಮಾತ್ರೆ ಬಿಟ್ಟು ಎರಡನೆಯ ಸಲ ಬಂದ ಹನ್ನೊಂದು ಜನರ ವಿಷಯ ಹೇಳುವಾಗ ಅವಳ ತಲೆ ತಾನಾಗಿ ಮೇಲೆದ್ದಿತು.

"ಕೊನೆಯ ಸಾಲಿನಲ್ಲಿ ಕೂತವರು ನಮ್ಮ ಮೆಷಿನ್ ನಡೆಸುವವರು. ಅವರು ಸುಮ್ಮನಿದ್ದಿದ್ದರೆ ನನಗೆ ಇವತ್ತು ಹೊಗಳಿಕೆ ಸಿಗುತ್ತಿತ್ತು. ಅವರು ಬಾಯಿ ಬಿಟ್ಟಿದ್ದರಿಂದ ನನಗೆ ನಿಜ ಸಿಕ್ಕಿತು. ಇಂಥವರು ಇರುವ ತಂಡದಲ್ಲಿ ನಾನಿದ್ದೇನೆ... ನನಗೆ ಅದೇ ಹೆಮ್ಮೆ!"

ಮುಂದಿನ ಸಾಲಿನಲ್ಲಿದ್ದ ಬೇರೊಂದು ತಂಡದ ಹಿರಿಯರು ಎದ್ದು ನಿಂತರು.

"ನಮ್ಮ ಚಿತ್ರಗಳಲ್ಲೂ ಅಂಥದ್ದೇ ಒಂದು ಬೆಳಕಿದೆ, ಮಗಳೇ. ಕೈಯಲ್ಲಿ ಏನಿತ್ತು ಅಂತ ನಾವು ಯಾರನ್ನೂ ಕೇಳಿಲ್ಲ. ನಾಳೆಯೇ ಕೇಳ್ತೀವಿ."

ಆಮೇಲೆ ಬಂದ ಚಪ್ಪಾಳೆ ಮೊದಲಿನದರ ಹಾಗಿರಲಿಲ್ಲ. ಈ ಸಲ ದೊಡ್ಡಮ್ಮ ಕಣ್ಣೊರೆಸಿಕೊಂಡರು, ಕನ್ನಡಕ ಒರೆಸಲಿಲ್ಲ.

ಹೊರಗಿನ ಅಂಗಳದಲ್ಲಿ ಅವನು ಅಮ್ಮನ ಜೊತೆ ಬೆಂಚಿನ ಮೇಲೆ ಕೂತಿದ್ದ. ಅವಳು ಹತ್ತಿರ ಬಂದಾಗ ಎದ್ದು ನಿಂತ.

"ಅವತ್ತು ಹಾಗೆ ಮಾತಾಡ್ಬಾರ್ದಿತ್ತು ನಾನು... ಕ್ಷಮಿಸ್ತೀರಾ?"

"ಅವತ್ತೇ ಕ್ಷಮಿಸಿದ್ದೆ ಮೇಡಂ. ಆದ್ರೆ... ನಿಮ್ಮ ಹತ್ತಿರ ಇನ್ನೊಂದು ವಿಷಯ... ಅಂದ್ರೆ, ಬಹಳ ದಿನದಿಂದ..."

ಅಮ್ಮ ತಲೆಯೆತ್ತಿದರು. ಕಾಯಿಲೆ ಅವರ ಮುಖದ ನಗುವನ್ನು ತೆಗೆದುಕೊಂಡಿತ್ತು, ಮಾತಿನ ಮೊನಚನ್ನು ಮುಟ್ಟಿರಲಿಲ್ಲ.

"ಲೋ, ಆ ಹುಡುಗಿ ಅಷ್ಟು ಜನರ ಮುಂದೆ ನಿಂತು 'ತಪ್ಪಾಯ್ತು' ಅಂದ್ಳು. ನಿನಗೆ ಒಬ್ಬಳ ಮುಂದೆ 'ಇಷ್ಟ' ಅನ್ನೋಕೆ ಇಷ್ಟು ಹೊತ್ತೇನೋ?"

"ಅಮ್ಮಾ..!"

ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು.

"ಇಷ್ಟ," ಎಂದ ಅವನು, ಕೊನೆಗೂ. "ತುಂಬಾ ಇಷ್ಟ. ನನ್ನ ಜೊತೆ ಬರ್ತೀರಾ?"

"ಎಲ್ಲಿಗೆ?"

"ಈಗ ಬಸ್ ಸ್ಟಾಪಿನವರೆಗೆ. ಆಮೇಲೆ... ನೀವು ಹೇಳಿದಷ್ಟು ದೂರ."

ಅವಳು ಬಾಗಿ ಅಮ್ಮನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ನಡೀರಿ. ಅತ್ತೆಗೆ ಮಾತ್ರೆಯ ಹೊತ್ತಾಯ್ತು."